ಪ್ರತಿ ರಾತ್ರಿ ಪ್ರೊಜೆಸ್ಟರಾನ್ ಸೇವಿಸಿದರೂ ನಿಲ್ಲದ ರಕ್ತಸ್ರಾವ

ಮುಟ್ಟು ನಿಲ್ಲುವ ಹಂತದ ಹಾರ್ಮೋನು ಚಿಕಿತ್ಸೆಯಾಗಿ ಎಸ್ಟ್ರಡಯೋಲ್ (ಎಸ್ಟ್ರೋಜನ್) ಜೆಲ್ ಹಚ್ಚಿಕೊಂಡು, ಪ್ರತಿ ರಾತ್ರಿ 100 ಮಿಲಿಗ್ರಾಂ ಪ್ರೊಜೆಸ್ಟರಾನ್ ಸೇವಿಸುತ್ತಿದ್ದರೂ 44ನೇ ವಯಸ್ಸಿನಲ್ಲಿ ನಿಮಗೆ ಹೊತ್ತುಗೊತ್ತಿಲ್ಲದೆ ರಕ್ತ ಕಾಣಿಸಿಕೊಳ್ಳಲು ಬಹುಶಃ ಆ ಕ್ರಮವೇ ಕಾರಣ. ಅದು ಮುಟ್ಟು ಪೂರ್ತಿ ನಿಂತವರಿಗೆ ಒಗ್ಗುವ ಕ್ರಮ. ನಿಮ್ಮ ಅಂಡಾಶಯಗಳು ಇನ್ನೂ ತಮ್ಮದೇ ಲಯದಲ್ಲಿ ಹಾರ್ಮೋನು ಸ್ರವಿಸುತ್ತಿರುವುದರಿಂದ ಗರ್ಭಕೋಶದ ಒಳಪದರ ಆಗಾಗ ಕಳಚುತ್ತಿರಬಹುದು. ನನಗೂ ಹೀಗೆಯೇ ಆಗಿತ್ತು. ತಿಂಗಳಲ್ಲಿ 12 ದಿನ ಮಾತ್ರ 200 ಮಿಲಿಗ್ರಾಂ ಎಂದು ವೈದ್ಯರು ಬದಲಾಯಿಸಿದ ಮೇಲೆ ಸ್ರಾವಕ್ಕೊಂದು ನಿಗದಿತ ಸಮಯ ಬಂತು.

ಮೊದಲು ಮನೆಯಲ್ಲೇ ಗರ್ಭಪರೀಕ್ಷೆ ಮಾಡಿಕೊಳ್ಳಿ, ಏಕೆಂದರೆ ಈ ಚಿಕಿತ್ಸೆ ಗರ್ಭನಿರೋಧಕವಲ್ಲ (ಇದನ್ನು ನನಗೆ ಯಾರೂ ತಾವಾಗಿ ಹೇಳಿರಲಿಲ್ಲ). ನಂತರ ರಕ್ತ ಕಂಡ ದಿನಗಳನ್ನೂ ಬಳಸಿದ ಪ್ಯಾಡ್‌ಗಳ ಸಂಖ್ಯೆಯನ್ನೂ ಬರೆದಿಡುತ್ತಾ ಬನ್ನಿ. ಬೇಸತ್ತು ಪ್ರೊಜೆಸ್ಟರಾನ್ ಒಂದನ್ನೇ ನಿಲ್ಲಿಸಬೇಡಿ. ಗರ್ಭಕೋಶ ಇರುವವರಲ್ಲಿ ಎಸ್ಟ್ರೋಜನ್ ಮಾತ್ರ ಮುಂದುವರಿದರೆ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ರಕ್ತಸ್ರಾವದ ಆ ಬರಹವನ್ನು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಆವರ್ತಕ ಕ್ರಮಕ್ಕೆ (ತಿಂಗಳಲ್ಲಿ ಕೆಲವು ದಿನ ಮಾತ್ರ ಪ್ರೊಜೆಸ್ಟರಾನ್ ಸೇವಿಸುವುದು) ಬದಲಾಯಿಸಬಹುದೇ, ಅಥವಾ ಗರ್ಭಕೋಶದೊಳಗೆ ಇಡುವ, ಗರ್ಭನಿರೋಧಕವೂ ಆಗುವ ಲೆವೊನಾರ್ಜೆಸ್ಟ್ರೆಲ್ ಹಾರ್ಮೋನಿನ ವಂಕಿ ನಿಮಗೆ ಸೂಕ್ತವೇ ಎಂದು ನೇರವಾಗಿಯೇ ಕೇಳಿ.

ಚಿಕಿತ್ಸೆ ಆರಂಭಿಸಿದ ಮೊದಲ ಕೆಲವು ತಿಂಗಳಲ್ಲಿ ಇಂಥ ಸ್ರಾವ ಸಾಮಾನ್ಯ. ಆದರೆ ಗರ್ಭಕೋಶದಲ್ಲಿ ಪಾಲಿಪ್ ಅಥವಾ ಫೈಬ್ರಾಯ್ಡ್ ಎಂಬ ಗಡ್ಡೆ ಇದ್ದರೂ ಹೀಗೆಯೇ ಆಗುತ್ತದೆ, ಪರೀಕ್ಷಿಸದೆ ಅದನ್ನು ತಳ್ಳಿಹಾಕಲಾಗದು. ಆದ್ದರಿಂದ 6 ತಿಂಗಳು ದಾಟಿದರೂ ನಿಲ್ಲದಿದ್ದರೆ, ಸಂಭೋಗದ ನಂತರ ರಕ್ತ ಕಂಡರೆ, ಅಥವಾ ಸ್ರಾವ ಹೆಚ್ಚುತ್ತಾ ಹೋದರೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.