ನಾಲ್ಕನ್ನು ಇಪ್ಪತ್ತು ಅಂದಿದ್ದೆ

ಅಂಡಮಾನಿನಲ್ಲಿ ಓಪನ್ ವಾಟರ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ) ಕೋರ್ಸ್ ಮುಗಿಸಿ ಕಾರವಾರಕ್ಕೆ ಬಂದಿದ್ದೀರಿ, ಪರಿಚಯದವರು ಯಾರೂ ಡೈವ್ ಮಾಡುವುದಿಲ್ಲ, ಅನುಭವ ಇರುವ ಬಡ್ಡಿ, ಅಂದರೆ ನೀರಿನೊಳಗಿನ ಜೊತೆಗಾರರು, ಎಲ್ಲಿ ಸಿಗ್ತಾರೆ ಅಂತ ಕೇಳಿದ್ದೀರಿ. ಆ ‘ಅನುಭವ ಇರುವ’ ಅನ್ನೋದನ್ನು ಓದಿದ ಕೂಡಲೇ ಕೈ ನನ್ನ ಎಡಗಿವಿಗೆ ಹೋಯಿತು.

ನಾನು ಶಿರಸಿಯವನು. ಈಜು ಕಲಿತಿದ್ದು ತೋಟದ ಕೆರೆಯಲ್ಲಿ. ನಮಗೆ ಸಮುದ್ರ ಅಂದರೆ ಘಟ್ಟದ ಕೆಳಗಿನವರ ವ್ಯವಹಾರ. ಬಡ್ಡಿ ಹುಡುಕ್ತಾ ಇದ್ದೇನೆ ಅಂದಾಗ ಅಪ್ಪ, “ಸೊಸೈಟಿಯಲ್ಲಿ ಎಷ್ಟು ಸಾಲ ಮಾಡಿದ್ದೀಯ?” ಅಂತ ಗಾಬರಿಯಾಗಿದ್ದರು.

ಕೋರ್ಸ್ ಆಗಿ ಕೆಲವು ತಿಂಗಳಿಗೆ, ಏಪ್ರಿಲ್‌ನಲ್ಲಿ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಟ ಬೋಟ್ ಹತ್ತಿದೆ. ಸುಮಾರು 19 ಕಿಲೋಮೀಟರ್. ಬೋಟಿನಲ್ಲಿದ್ದ ಹೆಚ್ಚಿನವರು ಮೊದಲ ಸಲ ನೀರಿಗಿಳಿಯುವ ಪ್ರವಾಸಿಗಳು. ಅವರನ್ನು ಕೈ ಹಿಡಿದೇ ಕರೆದುಕೊಂಡು ಹೋಗುತ್ತಾರೆ. ಜೇಬಲ್ಲಿ ಕೋರ್ಸ್ ಮುಗಿಸಿದ ಕಾರ್ಡ್ ಇಟ್ಟುಕೊಂಡ ನನಗೆ ಅವರ ಜೊತೆ ಕೂರಲು ಒಂಥರಾ ಅವಮಾನ. ಆಚೆ ತುದಿಯಲ್ಲಿ ಮಂಗಳೂರಿನ ಒಬ್ಬರು ದೊಡ್ಡ ಕ್ಯಾಮೆರಾ ಒರೆಸುತ್ತಾ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. “ಎಷ್ಟು ಡೈವ್ ಆಗಿದೆ?” ಅಂದರು.

ಆಗಿದ್ದು ನಾಲ್ಕು. ನಾಲ್ಕೂ ಕೋರ್ಸಿನವು. “ಇಪ್ಪತ್ತರ ಹತ್ತಿರ” ಅಂದೆ. ಪ್ರತಿ ಡೈವ್ ಬರೆದಿಡುವ ಲಾಗ್ ಬುಕ್ ಬ್ಯಾಗಿನಲ್ಲೇ ಇತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ ಅಂತ ಆಗ ಅಂದುಕೊಂಡೆ. ಈಗ ಅನ್ನಿಸುತ್ತದೆ, ಯಾರಾದರೂ ಕೇಳಬಾರದಿತ್ತಾ ಅಂತ.

ಈ ಒಂದು ಸುಳ್ಳು ಏನೇನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾಲ್ಕು ಅಂದಿದ್ದರೆ ಗೈಡ್ ನನ್ನನ್ನು ಲಂಗರಿನ ಹಗ್ಗ ಹಿಡಿಸಿ ನಿಧಾನ ಇಳಿಸುತ್ತಿದ್ದರು. ಇಪ್ಪತ್ತು ಅಂದಿದ್ದಕ್ಕೆ, “ನೀವಿಬ್ಬರು ಇಳೀರಿ, ನಾನು ಹಿಂದೆ ಬರ್ತೇನೆ” ಅಂದರು. ಸೊಂಟಕ್ಕೆ ಎಷ್ಟು ತೂಕ ಬೇಕು ಅಂತ ಕೇಳಿದಾಗ, ಗೊತ್ತಿರುವವನ ಹಾಗೆ ಒಂದು ಸಂಖ್ಯೆ ಹೇಳಿದೆ. ಅದು ಜಾಸ್ತಿಯಾಯಿತು. ಕಲ್ಲಿನ ಹಾಗೆ ಇಳಿದೆ.

ದೇವಿಮನೆ ಘಟ್ಟ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ವಾ? ಶಿರಸಿಯಿಂದ ಕುಮಟಾಕ್ಕೆ ಸುಮಾರು 600 ಮೀಟರ್ ಇಳಿದರೆ ಆಗುವ ಒತ್ತಡದ ವ್ಯತ್ಯಾಸ, ನೀರಿನಲ್ಲಿ ಒಂದು ಮೀಟರ್ ಇಳಿಯುವುದರೊಳಗೇ ಆಗಿಬಿಡುತ್ತದೆ. 10 ಮೀಟರಿಗೆ ಒತ್ತಡ ಎರಡರಷ್ಟು. ಅದಕ್ಕೇ ನೋವು ಬರುವ ಮೊದಲೇ, ಮತ್ತೆ ಮತ್ತೆ, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಆಗದಿದ್ದರೆ ಕೈ ಅಡ್ಡ ಹಿಡಿದು ಅಲ್ಲಾಡಿಸಿ ಕಿವಿ ತೋರಿಸಬೇಕು, ಸ್ವಲ್ಪ ಮೇಲೆ ಹೋಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಐದು ಮೀಟರಿನಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಆದರೆ ಇಪ್ಪತ್ತು ಡೈವ್ ಆದವನಿಗೆ ಕಿವಿ ನೋಯುತ್ತದಾ? (ನೋಯುತ್ತದೆ. ಐನೂರು ಆದವರಿಗೂ ನೋಯುತ್ತದೆ.) ಕ್ಯಾಮೆರಾದವರು ಓಕೆನಾ ಅಂತ ಸನ್ನೆ ಮಾಡಿದರು. ನಾನೂ ಬೆರಳು ಸುತ್ತಿ ಓಕೆ ತೋರಿಸಿದೆ. ಅದು ಎರಡನೇ ಸುಳ್ಳು. ಎಂಟು ಮೀಟರಿನ ಹತ್ತಿರ ಕಿವಿಯೊಳಗೆ ಟಪ್ ಅಂತು, ತಣ್ಣಗಾಯಿತು, ಸಮುದ್ರವೇ ಗಿರ್ರನೆ ತಿರುಗಿತು. ಅವರೇ ನನ್ನ ಜಾಕೆಟ್ ಹಿಡಿದು ಮೆಲ್ಲಗೆ ಮೇಲೆ ತಂದರು.

ಬೋಟಿನಲ್ಲಿ ನಿಜ ಹೇಳಿದೆ. “ನಾಲ್ಕು ಅಂದಿದ್ರೆ ಹಗ್ಗ ಹಿಡ್ಕೊಂಡು ಇಳೀತಿದ್ವಲ್ಲ ಮಾರಾಯ್ರೆ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿವಿ ಡಾಕ್ಟರು ತಮಟೆಯಲ್ಲಿ ತೂತು ಬಿದ್ದಿದೆ, ಎರಡು ತಿಂಗಳು ನೀರು ತಾಗಿಸಬೇಡ ಅಂದರು. ಅಷ್ಟರಲ್ಲಿ ಮಳೆಗಾಲ. ಬೋಟ್ ಮತ್ತೆ ಹೊರಟಿದ್ದು ಅಕ್ಟೋಬರ್‌ನಲ್ಲಿ.

ಹಾಗಾಗಿ ನೀವು ಹುಡುಕುತ್ತಿರುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಅನುಭವಸ್ಥರು ಬೇಡ, ಅದರಲ್ಲೂ ಕ್ಯಾಮೆರಾ ಹಿಡಿದವರು ಬೇಡವೇ ಬೇಡ. ಅವರ ಕಣ್ಣು ಮೀನಿನ ಮೇಲೆ. ನಿಮ್ಮಷ್ಟೇ ಹೊಸಬರು ಒಬ್ಬರನ್ನು ಹಿಡಿಯಿರಿ, ನೀರಿನಲ್ಲಿ ಜೊತೆಗೆ ಒಬ್ಬ ಗೈಡ್ ಇರಲಿ. ಸಿಗುವುದು ಹೇಗೆ ಅಂದರೆ, ಒಂದೇ ಡೈವ್ ಅಂಗಡಿಗೆ ಮೂರ್ನಾಲ್ಕು ಸಲ ಹೋಗಿ, ವಾರದ ನಡುವೆ ಹೋಗಿ. ಶನಿವಾರ ಭಾನುವಾರ ಬರೀ ಪ್ರವಾಸಿಗಳು. “ನನ್ನಂಥವರು ಯಾರಾದರೂ ಬಂದರೆ ಫೋನ್ ಮಾಡಿ” ಅಂತ ಅಂಗಡಿಯವರಿಗೆ ನಂಬರ್ ಕೊಟ್ಟು ಬನ್ನಿ. ವಾಟ್ಸಾಪ್ ಗುಂಪುಗಳೂ ಇವೆ, ಅಲ್ಲಿ ಫೋಟೋ ಜಾಸ್ತಿ, ಡೈವ್ ಕಡಿಮೆ.

ನನಗೆ ಹಾಗೇ ಸಿಕ್ಕವರು ಕುಮಟಾದ ಒಬ್ಬ ಹೈಸ್ಕೂಲ್ ಮೇಷ್ಟ್ರು. ಐವತ್ತು ದಾಟಿದೆ, ಆಗ ಅವರಿಗೂ ಐದೇ ಡೈವ್. ನೀರಿನಲ್ಲಿ ಎಮ್ಮೆಯ ಹಾಗೆ ನಿಧಾನ. ಜಾಕೆಟ್, ತೂಕ, ಬಕಲ್, ಗಾಳಿ ಒಂದೊಂದನ್ನೂ ಮುಟ್ಟಿ ನೋಡದೆ ಬೋಟಿನಿಂದ ಇಳಿಯುವುದಿಲ್ಲ, ಇಳಿಯಲು ಬಿಡುವುದೂ ಇಲ್ಲ. ಸಿಲಿಂಡರಿನ ಗಾಳಿ 100 ಬಾರ್‌ಗೆ, ಅಂದರೆ ಸುಮಾರು ಅರ್ಧಕ್ಕೆ, ಬಂತು ಅಂದರೆ ಮೀಟರ್ ನನ್ನ ಮುಖಕ್ಕೆ ಹಿಡಿಯುತ್ತಾರೆ. ಡೈವ್ ಆದ ರಾತ್ರಿ ಘಟ್ಟ ಹತ್ತಬೇಡ, ಮೈಯಲ್ಲಿ ಇನ್ನೂ ಸಾರಜನಕ ಇರ್ತದೆ, ಎತ್ತರಕ್ಕೆ ಹೋದರೆ ಗುಳ್ಳೆಯಾಗಬಹುದು ಅಂತ ಅವರ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಅವರ ಮನೆಯಲ್ಲಿ ಬಂಗಡೆ ಸಾರು, ನನಗೆ ಮಾತ್ರ ಬೇರೆ ತಂಬುಳಿ.

ಅಂದಹಾಗೆ, ನಿಮಗೆ ಎಷ್ಟು ಡೈವ್ ಆಗಿದೆ ಅಂತ ಪ್ರಶ್ನೆಯಲ್ಲಿ ಬರೆದೇ ಇಲ್ಲ. ಎಷ್ಟು?