ಕಾಫ್ಕಾ, ಹೆಸ್ಸೆ ಓದಿ ಮುಗಿಸಿದೆ. ಈಗ ಬರೆಯುತ್ತಿರುವ ಜರ್ಮನ್ ಲೇಖಕರಲ್ಲಿ ಯಾರಿಂದ ಶುರು ಮಾಡಲಿ? ಇಂಗ್ಲಿಷ್ ಅನುವಾದ ಆದರೂ ಸರಿ.

ಜೆನ್ನಿ ಎರ್ಪೆನ್‌ಬೆಕ್ ಅವರಿಂದ ಶುರು ಮಾಡಿ. 1967ರಲ್ಲಿ ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿದವರು. 1989ರಲ್ಲಿ ಬರ್ಲಿನ್ ಗೋಡೆ ಬಿದ್ದಾಗ ಅವರಿಗೆ 22 ವರ್ಷ. ಮರುವರ್ಷವೇ ಅವರು ಹುಟ್ಟಿ ಬೆಳೆದ ದೇಶ, ಪೂರ್ವ ಜರ್ಮನಿ, ಭೂಪಟದಲ್ಲೇ ಇರಲಿಲ್ಲ. ಈ ನೋವು ಅವರ ಬರವಣಿಗೆಯಲ್ಲಿ ಹಾಸುಹೊಕ್ಕಾಗಿದೆ.

ಎಲ್ಲರೂ ನಿಮಗೆ ಅವರ 'ಕೈರೋಸ್' ಓದಿ ಅಂತಲೇ ಹೇಳುತ್ತಾರೆ. 2024ರ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಕಾದಂಬರಿ ಅದು. ಮರುವರ್ಷ ನಮ್ಮ ಬಾನು ಮುಷ್ತಾಕ್ ಅವರಿಗೆ ಬಂತಲ್ಲ, ಅದೇ ಪ್ರಶಸ್ತಿ. ಒಳ್ಳೆಯ ಪುಸ್ತಕವೇ. ಆದರೆ ಅದರಲ್ಲಿನ ಪ್ರೀತಿ ಬರಬರುತ್ತಾ ಹಿಂಸೆಯಾಗುತ್ತದೆ, ಓದುವವರನ್ನೂ ಹಿಂಡುತ್ತದೆ. ಅದನ್ನು ಆಮೇಲೆ ಓದಿ.

ಮೊದಲು 'ವಿಸಿಟೇಶನ್' ಹಿಡಿಯಿರಿ. ಸುಮಾರು 150 ಪುಟ ಅಷ್ಟೇ. ಬ್ರಾಂಡೆನ್‌ಬುರ್ಗ್‌ನಲ್ಲಿ ಒಂದು ಸರೋವರ, ಅದರ ದಡದಲ್ಲಿ ಒಂದು ಮನೆ. ಅಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಇರುತ್ತಾರೆ, ಹೋಗುತ್ತಾರೆ. ಮನೆ ಕಟ್ಟಿದ ವಾಸ್ತುಶಿಲ್ಪಿ, ನಾಜಿಗಳ ಕಾಲದಲ್ಲಿ ದೇಶ ಬಿಡಬೇಕಾಗಿ ಬಂದ ಯಹೂದಿ ನೆರೆಯವರ ಜಾಗವನ್ನು ಅರ್ಧ ಬೆಲೆಗೆ ಕೊಳ್ಳುತ್ತಾನೆ. ಅವರಿಗೆ ಉಪಕಾರ ಮಾಡಿದೆ ಅಂತಲೇ ಅಂದುಕೊಳ್ಳುತ್ತಾನೆ. ವರ್ಷಗಳು ಕಳೆದ ಮೇಲೆ ಅವನೇ ಬೆಳ್ಳಿ, ಪಿಂಗಾಣಿಯನ್ನೆಲ್ಲ ತೋಟದಲ್ಲಿ ಹೂತಿಟ್ಟು ಪಶ್ಚಿಮಕ್ಕೆ ಓಡಬೇಕಾಗುತ್ತದೆ. ಅಧ್ಯಾಯಗಳ ನಡುವೆ ಮತ್ತೆ ಮತ್ತೆ ಒಬ್ಬ ತೋಟಗಾರ ಬರುತ್ತಾನೆ. ಗಿಡ ನೆಡುತ್ತಾನೆ, ನೀರು ಹಾಕುತ್ತಾನೆ, ಸೌದೆ ಒಡೆಯುತ್ತಾನೆ. ಮಾತಿಲ್ಲ. ಒಂದು ಶತಮಾನದ ಜರ್ಮನಿಯನ್ನು ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ. ಅನುವಾದ ಸೂಸನ್ ಬರ್ನೋಫ್‌ಸ್ಕಿ ಅವರದು. ಬರ್ಲಿನ್‌ಗೆ ಬಂದ ಆಫ್ರಿಕಾದ ನಿರಾಶ್ರಿತರ ಬಗ್ಗೆ ಎರ್ಪೆನ್‌ಬೆಕ್ ಬರೆದ 'ಗೋ, ವೆಂಟ್, ಗಾನ್' ಕೂಡ ಇವರ ಅನುವಾದವೇ. ಎರಡನೆಯದಾಗಿ ಅದನ್ನು ಓದಬಹುದು.

'ವಿಸಿಟೇಶನ್'ನಲ್ಲಿ ಮಾತಿಗಿಂತ ಮೌನ ಜಾಸ್ತಿ, ಮೊದಲ ಕೆಲವು ಪುಟ ನಿಧಾನ ಅನ್ನಿಸಬಹುದು. ಸುಮ್ನೆ ಮುಂದೆ ಹೋಗಿ, ಹಿಡಿತಕ್ಕೆ ಬರುತ್ತದೆ. ಅದೂ ಕಷ್ಟ ಅನ್ನಿಸಿದರೆ ಆಸ್ಟ್ರಿಯಾದ ರಾಬರ್ಟ್ ಸೀತಾಲರ್ ಅವರ 'ಎ ಹೋಲ್ ಲೈಫ್' ತೆಗೆದುಕೊಳ್ಳಿ. ಆಲ್ಪ್ಸ್ ಬೆಟ್ಟದಲ್ಲಿ ಕೇಬಲ್ ಕಾರ್ ಕಟ್ಟುವ ಕೂಲಿಯೊಬ್ಬನ ಇಡೀ ಬದುಕು, ತುಂಬ ಸರಳ ಮಾತಿನಲ್ಲಿ. ಒಂದು ಭಾನುವಾರದಲ್ಲಿ ಮುಗಿಯುತ್ತದೆ. ನಗು, ಓಟ ಬೇಕೆಂದರೆ ಡೇನಿಯಲ್ ಕೆಲ್‌ಮನ್ ಅವರ 'ಮೆಷರಿಂಗ್ ದ ವರ್ಲ್ಡ್' ಇದೆ.

ಬೆಂಗಳೂರಲ್ಲಿದ್ದರೆ ಕೊಳ್ಳುವ ಮೊದಲು ಇಂದಿರಾನಗರದಲ್ಲಿರುವ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನದ ಲೈಬ್ರರಿಯಲ್ಲಿ ಒಮ್ಮೆ ವಿಚಾರಿಸಿ.