ಮಗಳ ವಿಯೆಟ್ನಾಂ ಪ್ರವಾಸ, ಅಪ್ಪನ ರಸ್ತೆ ಭಯ

ಹುಬ್ಬಳ್ಳಿಯ ಒಂದು ಮನೆಯ ಪ್ರಕರಣ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಮೂವರ ಒಪ್ಪಿಗೆಯೂ ಇದೆ.

ತಂದೆ ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರ್. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಗಳಿಗೆ 24 ವರ್ಷ, ಅಕೌಂಟ್ಸ್ ಕೆಲಸ. ಇಬ್ಬರು ಗೆಳತಿಯರ ಜೊತೆ ಹತ್ತು ದಿನ ವಿಯೆಟ್ನಾಂಗೆ ಹೋಗಬೇಕು ಅಂತ ಸಂಬಳದಲ್ಲಿ ದುಡ್ಡು ಕೂಡಿಟ್ಟಿದ್ದಳು. ಮನೆಯಲ್ಲಿ ಹೇಳಿರಲಿಲ್ಲ. ಮೊದಲೇ ಹೇಳಿದರೆ ಬೇಡ ಅಂತಾರೆ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಹೇಳೋಣ ಅಂತ ಅವಳ ಲೆಕ್ಕ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 1,500 ರೂಪಾಯಿ ಕಟ್ಟಿ ಅರ್ಜಿ ಕೊಟ್ಟಳು. ಆದರೆ ಪೊಲೀಸ್ ವೆರಿಫಿಕೇಶನ್ ಮನೆ ವಿಳಾಸಕ್ಕೇ ಬರುತ್ತೆ ಅಲ್ವಾ? ಪೊಲೀಸರು ಬಂದಾಗ ಮಗಳು ಆಫೀಸಿನಲ್ಲಿದ್ದಳು. ಬಾಗಿಲು ತೆಗೆದವರು ತಂದೆ.

ಪಾಸ್‌ಪೋರ್ಟ್ ಬಂತು. ತಂದೆ ಅದನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದರು. ಅಪ್ಪ, ಮಗಳು ಮಾತು ಬಿಟ್ಟರು. ಇಬ್ಬರನ್ನೂ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತಂದವರು ತಾಯಿ.

"ಅಲ್ರೀ ಮೇಡಂ, ಪೊಲೀಸ್ರು ಬಾಗಲಿಗೆ ಬಂದು ನಿಂತ್ರು. ಓಣ್ಯಾಗ ಮಂದಿ ಏನ್ ತಿಳಕೋಬೇಕು? ನಾ ಏನ್ ಹೇಳ್ಬೇಕ್ರಿ ಅವ್ರಿಗೆ? ನನಗ ಗೊತ್ತಿಲ್ಲ ಅನ್ಲೇನು?" ಅಂದರು ತಂದೆ. ಮಗಳದು ಒಂದೇ ಮಾತು: "ನಾನೇನ್ ಸಣ್ಣಾಕಿ ಏನ್ರಿ? ನಾ ಮೇಜರ್."

ಅವಳ ಮಾತು ಸರಿ. ಹದಿನೆಂಟು ದಾಟಿದವರ ಪಾಸ್‌ಪೋರ್ಟ್‌ಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕಾಗಿಲ್ಲ. ಇದನ್ನು ತಂದೆಯ ಎದುರೇ ಹೇಳಿದೆ. ಪಾಸ್‌ಪೋರ್ಟ್ ಬಗ್ಗೆಯೂ ಹೇಳಿದೆ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು, ಬಳಸೋದಕ್ಕೆ ಮಗಳಿಗೆ ಕೊಟ್ಟಿರುವಂಥದ್ದು. "ಮೊದಲು ಅದನ್ನು ಅವಳಿಗೆ ವಾಪಸ್ ಕೊಡಿ. ಹೋಗೋದಾ ಬೇಡವಾ ಅಂತ ಆಮೇಲೆ ಮಾತಾಡೋಣ. ಕೀಲಿ ನಿಮ್ಮ ಜೇಬಿನಲ್ಲಿ ಇರೋ ತನಕ ಅವಳು ನಿಮ್ಮ ಮಾತು ಕೇಳಿಸಿಕೊಳ್ಳೋದಿಲ್ಲ" ಅಂದೆ. ಅವರಿಗೆ ಇಷ್ಟ ಆಗಲಿಲ್ಲ. ಆದರೂ ಮುಂದಿನ ವಾರ ಬರುವಷ್ಟರಲ್ಲಿ, ತಾಯಿಯ ಕೈಯಿಂದ, ಪಾಸ್‌ಪೋರ್ಟ್ ಮಗಳಿಗೆ ಸೇರಿತ್ತು.

ಮಗಳಿಗೂ ಒಂದು ಮಾತು ಹೇಳಬೇಕಿತ್ತು. ಅಪ್ಪನ ಸಿಟ್ಟಿನಲ್ಲಿ ಅರ್ಧ ಭಯ, ಇನ್ನರ್ಧ ಮೂರನೆಯವರಿಂದ ಸುದ್ದಿ ತಿಳಿದ ಅವಮಾನ. ಭಯಕ್ಕೆ ಉತ್ತರ ಕೊಡೋ ಮೊದಲು ಆ ಅವಮಾನಕ್ಕೆ ಕ್ಷಮೆ ಕೇಳು ಅಂದೆ. ಪ್ರವಾಸಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಅವಳು ಕೇಳಿದಳು. ಜೊತೆಗೆ ಅಪ್ಪನನ್ನು ಒಲಿಸೋದಕ್ಕೆ ಇನ್ನೊಂದು ಅಸ್ತ್ರವನ್ನೂ ತಂದಿದ್ದಳು. ವಿಯೆಟ್ನಾಂನ ಮಿ ಸನ್‌ನಲ್ಲಿ ಹಳೆಯ ಚಂಪಾ ರಾಜರ ಶಿವಾಲಯಗಳಿವೆ, ನಮ್ಮ ಪುರಾತತ್ವ ಇಲಾಖೆಯವರೇ ಅಲ್ಲಿ ಕೆಲಸ ಮಾಡಿದ್ದಾರೆ, 2020ರಲ್ಲಿ ಏಕಶಿಲೆಯ ಶಿವಲಿಂಗ ಸಿಕ್ಕಿದೆ ಅಂತ ಫೋನಿನಲ್ಲಿ ಫೋಟೋ ತೋರಿಸಿದಳು. ಎಲ್ಲ ನಿಜ. ತಂದೆ ಫೋಟೋ ನೋಡಿ, ಕೈ ಮುಗಿದು, "ಲಿಂಗ ನೋಡಾಕ ಹೊಂಟೀಯೇನು ನೀ?" ಅಂದರು. ತಾಯಿ ನಕ್ಕುಬಿಟ್ಟರು. ಇಂಥ ಬೆಣ್ಣೆ ಹಚ್ಚೋ ಉಪಾಯ ಅಪ್ಪಂದಿರಿಗೆ ಬೇಗ ಗೊತ್ತಾಗುತ್ತೆ.

ತಂದೆಗೆ ಒಂದು ಹಾಳೆ ಕೊಟ್ಟೆ. ಯಾವುದಕ್ಕೆ ಹೆದರಿಕೆ ಅಂತ ಬರೀರಿ, ಆದರೆ 'ಏನರ ಆದ್ರ' ಅಂತ ಮಾತ್ರ ಬರೀಬೇಡಿ, ಏನು ಆಗುತ್ತೆ ಅನ್ನೋದು ಬರಬೇಕು ಅಂದೆ. ತುಂಬಾ ಹೊತ್ತು ಕೂತು ಮೂರು ಸಾಲು ಬರೆದರು.

ಮೊದಲನೆಯದು ವಾಟ್ಸಾಪ್‌ನಿಂದ ಬಂದಿದ್ದು. ಥಾಯ್ಲೆಂಡ್‌ನಲ್ಲಿ ಕೆಲಸ ಅಂತ ಕರೆಸಿಕೊಂಡು ಮ್ಯಾನ್ಮಾರ್‌ಗೆ ಸಾಗಿಸಿ, ಆನ್‌ಲೈನ್ ಮೋಸದ ಕೆಲಸಕ್ಕೆ ಹಚ್ಚುವ ಸುದ್ದಿ. ಇದು ಸುಳ್ಳಲ್ಲ. ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಾಂಬೋಡಿಯಾದಲ್ಲೂ ಇಂಥದ್ದು ನಡೆದಿದೆ, ಅದು ವಿಯೆಟ್ನಾಂನ ಪಕ್ಕದ ದೇಶ ಅನ್ನೋದನ್ನು ತಂದೆ ನಕ್ಷೆ ನೋಡಿ ತಿಳಿದುಕೊಂಡಿದ್ದರು. ಹಾಗಾಗಿ ನಾನು ಅದನ್ನು ತಳ್ಳಿಹಾಕಲಿಲ್ಲ. ಆ ಬಲೆ ಹಾಕೋದು ಕೆಲಸ ಹುಡುಕುವವರಿಗೆ. ಇವಳ ಹತ್ತಿರ ಇರೋದು ಟೂರಿಸ್ಟ್ ಇ-ವೀಸಾ, ವಾಪಸ್ ಬರೋ ಟಿಕೆಟ್, ಇಲ್ಲಿ ಕಾಯುತ್ತಿರೋ ನೌಕರಿ. ಅಲ್ಲಿ ಯಾರಾದರೂ ಕೆಲಸದ ಮಾತು ತೆಗೆದರೆ ಅಲ್ಲಿಂದ ಎದ್ದು ಬರೋದು, ವಿಯೆಟ್ನಾಂ ಗಡಿ ದಾಟದೇ ಇರೋದು ಅಂತ ಮಗಳು ಒಪ್ಪಿಕೊಂಡಳು. ಆ ಸಾಲು ಅಲ್ಲಿಗೆ ಮುಗಿಯಿತು.

ಎರಡನೆಯದು ಮಂದಿ ಮಾತು. ಹಾವೇರಿ ಕಡೆಯ ಒಂದು ಸಂಬಂಧ ಮಾತಿಗೆ ಬಂದಿತ್ತಂತೆ. ಅದನ್ನು ಆಮೇಲೆ ನೋಡೋಣ ಅಂತ ಬದಿಗಿಟ್ಟೆ.

ಮೂರನೇ ಸಾಲಿನಲ್ಲಿ ಒಂದೇ ಪದ ಇತ್ತು: ಬೈಪಾಸ್.

ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021ರ ಜನವರಿಯಲ್ಲಿ ದಾವಣಗೆರೆಯ ಗೆಳತಿಯರು ಸೇರಿಕೊಂಡು ಗೋವಾಕ್ಕೆ ಹೊರಟಿದ್ದರು. ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ, ಇಟಿಗಟ್ಟಿ ಹತ್ತಿರ, ಅವರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದಾರಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು ಇವರು. "ಗೆಳತ್ಯಾರ್ ಕೂಡಿ ಟೂರ್ ಹೊಂಟೀವಿ ಅಂದ್ರ ನನ್ನ ಕಣ್ಣಿಗೆ ಅದ ಬರ್ತದ್ರಿ. ಸ್ಟೇರಿಂಗ್ ನನ್ನ ಕೈಯಾಗ ಇದ್ರ ನನಗ ಹೆದರಿಕಿ ಇಲ್ಲ. ಮತ್ತೊಬ್ಬರ ಕೈಯಾಗ ಇದ್ರ ಆಗಂಗಿಲ್ಲ" ಅಂದರು.

ಅಂದರೆ ಅವರ ಭಯ ಇದ್ದದ್ದು ವಿದೇಶದ ಮೇಲಲ್ಲ. ಮಗಳು ಅಲ್ಲಿ ಎಷ್ಟು ಸೇಫ್ ಅಂತ ಯೂಟ್ಯೂಬ್ ತೋರಿಸುತ್ತಿದ್ದಳು, ತಂದೆ ರಸ್ತೆ ಯೋಚಿಸುತ್ತಿದ್ದರು. ಹಾಗಾದರೆ ರಸ್ತೆಯ ಬಗ್ಗೆಯೇ ಕೇಳಿ ಅಂದೆ. ಡ್ರೈವರ್ ಆಗಿ ಕೇಳಿ, ಅಪ್ಪ ಆಗಿ ಬೇಡ.

ಕೇಳಿದರು. ಅಲ್ಲಿ ಗಾಡಿ ಯಾವ ಕಡೆ ಓಡುತ್ತೆ? ಬಲಗಡೆ. ರಾತ್ರಿ ಬಸ್ ಎಷ್ಟು ಗಂಟೆ? ಬೆಟ್ಟದ ರಸ್ತೆ ಇದೆಯಾ? ಇತ್ತು. ಉತ್ತರದ ಹಾ ಜಿಯಾಂಗ್ ಬೆಟ್ಟಗಳಲ್ಲಿ ಬಾಡಿಗೆ ಬೈಕ್ ಓಡಿಸಬೇಕು ಅನ್ನೋದು ಗೆಳತಿಯರ ದೊಡ್ಡ ಆಸೆ. "ಲೈಸನ್ಸ್?" ಅಂದರು ತಂದೆ. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದರಾಯ್ತು ಅಂದಳು ಮಗಳು. ಅಲ್ಲೇ ಅವಳು ಸಿಕ್ಕಿಬಿದ್ದಳು. ನಮ್ಮಲ್ಲಿ ಕೊಡೋ ಪರ್ಮಿಟ್ ರಸ್ತೆ ಸಂಚಾರದ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದನ್ನು, ಹಾಗಾಗಿ ನಮ್ಮದು ಅಲ್ಲಿ ನಡೆಯೋದಿಲ್ಲ. ಬಾಡಿಗೆ ಅಂಗಡಿಯವರು ಕೇಳದೇ ಗಾಡಿ ಕೊಡಬಹುದು. ಆದರೆ ಬಿದ್ದರೆ, ಲೈಸನ್ಸ್ ಇಲ್ಲದೇ ಓಡಿಸಿದ್ದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತೆ.

ಇಲ್ಲಿ ಅಪ್ಪ ಹೇಳಿದ್ದು ಸರಿ, ನೀನು ಬಿಡಬೇಕು ಅಂತ ಮಗಳಿಗೆ ನೇರವಾಗಿಯೇ ಹೇಳಿದೆ. ಆಪ್ತಸಲಹೆ ಅಂದರೆ ಹೆತ್ತವರನ್ನು ಒಪ್ಪಿಸಿ ಕೊಡೋ ಕೆಲಸ ಅಂತ ಎಷ್ಟೋ ಮಕ್ಕಳು ಅಂದುಕೊಂಡು ಬರುತ್ತಾರೆ. ಹೆತ್ತವರ ಭಯದಲ್ಲಿ ಕೆಲವೊಮ್ಮೆ ಕೆಲಸಕ್ಕೆ ಬರೋ ತಿಳಿವಳಿಕೆ ಇರುತ್ತೆ. ಅದನ್ನು ಬಿಟ್ಟುಕೊಡಬಾರದು. ಮಗಳು ಮುಖ ಊದಿಸಿಕೊಂಡಳು, ಮರುದಿನ ಪ್ಲಾನ್ ಬದಲಿಸಿದಳು: ಬೆಟ್ಟಕ್ಕೆ ಸ್ಥಳೀಯ ಡ್ರೈವರ್ ಇರೋ ಕಾರು, ಹಗಲಲ್ಲಿ ಮಾತ್ರ.

ಇಷ್ಟಾದ ಮೇಲೂ ತಂದೆ ಹೂಂ ಅನ್ನಲಿಲ್ಲ. "ಎದಿ ಡವಡವ ಅಂತೈತ್ರಿ, ಅದ ನಿಂತ ಮ್ಯಾಲ ಕಳಸ್ತೀನಿ" ಅಂದರು. ಅದು ನಿಲ್ಲೋದಿಲ್ಲ, ಡವಡವ ಇದ್ದಾಗಲೇ ಕಳಿಸಬೇಕು ಅಂದೆ. ಆಗ ಅಲ್ಲಿವರೆಗೆ ಸುಮ್ನೆ ಕೂತಿದ್ದ ತಾಯಿ ಬಾಯಿ ಬಿಟ್ಟರು: "ನೀವು ರಾತ್ರಿ ಗಾಡಿ ಹೊಡಿಯಾಕ ಹೋದಾಗೆಲ್ಲಾ ನಾ ಹಿಂಗ ಕುಂತಿರ್ತಿದ್ದೆ. ಆವಾಗ ಫೋನೂ ಇರ್ಲಿಲ್ಲ. ನನ್ನನ್ನ ಯಾರೂ ಮೇಡಂ ಹತ್ರ ಕರ್ಕೊಂಡು ಬರ್ಲಿಲ್ಲ."

ತಂದೆ ತಲೆ ತಗ್ಗಿಸಿದರು. ದಾರಿಯಲ್ಲಿ ಇರೋದು ಅವರಿಗೆ ಗೊತ್ತಿತ್ತು, ಮನೆಯಲ್ಲಿ ಕೂತು ಕಾಯೋದು ಹೊಸದು. ಆ ಮನೆಯಲ್ಲಿ ಅದನ್ನು ಬಲ್ಲವರು ತಾಯಿ. ಹಾಗಾಗಿ ಮುಂದಿನ ತಯಾರಿಯನ್ನು ಅವರ ಕೈಗೇ ಕೊಟ್ಟೆ.

ತಂದೆ ಕೇಳಿದ್ದು ಹತ್ತೂ ದಿನ ಲೈವ್ ಲೊಕೇಶನ್. ನಾನು ಬೇಡ ಅಂದೆ. ನೋಡಿದ ಕ್ಷಣ ಸಮಾಧಾನ ಆಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ನೋಡಬೇಕು ಅನ್ನಿಸುತ್ತೆ. ತುರಿಕೆ ಕೆರೆದ ಹಾಗೆ, ಕೆರೆದಷ್ಟೂ ಜಾಸ್ತಿ. ಆ ಚುಕ್ಕೆ ನಿಂತಲ್ಲೇ ನಿಂತರೆ ನೆಟ್‌ವರ್ಕ್ ಹೋಗಿದೆ ಅಂತ ಅನ್ನಿಸೋದಿಲ್ಲ, ಗಾಡಿ ಬಿದ್ದಿದೆ ಅಂತಲೇ ಅನ್ನಿಸುತ್ತೆ. ಬೆಟ್ಟದ ಎರಡು ದಿನ ಮಾತ್ರ ಲೊಕೇಶನ್, ಅದೂ ತಾಯಿಯ ಫೋನಿಗೆ ಅಂತ ಆಯಿತು. ಉಳಿದ ದಿನ ಬೆಳಿಗ್ಗೆ ಒಂದು, ರಾತ್ರಿ ಒಂದು ಮೆಸೇಜ್. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ನಮ್ಮ ರಾತ್ರಿ ಒಂಬತ್ತಕ್ಕೆ ಅವಳು ಹಾಸಿಗೆಯಲ್ಲಿರುತ್ತಾಳೆ. ಹತ್ತಾದರೂ ಮೆಸೇಜ್ ಬರದಿದ್ದರೆ ಮೊದಲು ಗೆಳತಿಗೆ ಫೋನ್, ಆಮೇಲೆ ಹೋಟೆಲ್‌ಗೆ, ಕೊನೆಗೆ ಹನೋಯ್‌ನ ಭಾರತೀಯ ರಾಯಭಾರ ಕಚೇರಿಗೆ. ನಂಬರ್‌ಗಳನ್ನು ತಂದೆಯೇ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದರು. ಹತ್ತರ ಒಳಗೆ ಫೋನ್ ಮಾಡೋ ಹಾಗಿಲ್ಲ.

ಹೊರಡೋ ಮೊದಲು ಇದೇ ನಿಯಮದಲ್ಲಿ ಒಂದು ತಾಲೀಮು ಆಯಿತು. ಗೆಳತಿಯರು ರೈಲಿನಲ್ಲಿ ಬಾದಾಮಿಗೆ ಹೋಗಿ ಎರಡು ರಾತ್ರಿ ಉಳಿದರು. ತಾಲೀಮು ಮಗಳಿಗಲ್ಲ, ತಂದೆಗೆ. ಮೊದಲ ರಾತ್ರಿ ಎಂಟಕ್ಕೇ ಫೋನ್ ಮಾಡಿಬಿಟ್ಟರು. ಎರಡನೇ ರಾತ್ರಿ ಫೋನನ್ನು ಹೆಂಡತಿ ಕೈಗೆ ಕೊಟ್ಟು ಉಣಕಲ್ ಕೆರೆ ಕಡೆ ವಾಕಿಂಗ್ ಹೋದರು. ಅದು ಕೆಲಸ ಮಾಡಿತು.

ಇದೇ ಸಲಹೆ ಎಲ್ಲ ಮನೆಗೂ ಹೊಂದೋದಿಲ್ಲ. ಭಯದಿಂದ ತಂದೆಗೋ ತಾಯಿಗೋ ನಿದ್ದೆ ಊಟ ಬಿಟ್ಟುಹೋಗಿದ್ದರೆ, ಉಸಿರು ಕಟ್ಟಿದಂತೆ ಆಗುತ್ತಿದ್ದರೆ, ಪ್ರವಾಸದ ಚರ್ಚೆ ಪಕ್ಕಕ್ಕಿಟ್ಟು ಮೊದಲು ಅದಕ್ಕೆ ಚಿಕಿತ್ಸೆ ಬೇಕು. ನಮ್ಮ ಕಡೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಾಗಿಲ್ಲ.

ಮಗಳು ಹೋಗಿ ಬಂದಳು. ಬೆಟ್ಟದಲ್ಲಿ ಒಂದು ರಾತ್ರಿ ನೆಟ್‌ವರ್ಕ್ ಸಿಗದೇ ಹತ್ತು ದಾಟಿತು. ತಂದೆ ಕ್ಯಾಲೆಂಡರ್ ಪಕ್ಕದ ಚೀಟಿ ನೋಡಿ ಗೆಳತಿಗೆ ಫೋನ್ ಮಾಡಿದರು, ಸಿಗಲಿಲ್ಲ. ಹೋಟೆಲ್‌ಗೆ ಮಾಡಿದರು. ಅಲ್ಲಿಯವರ ಇಂಗ್ಲಿಷ್ ಇವರಿಗೆ ತಿಳಿಯಲಿಲ್ಲ, ಇವರದು ಅವರಿಗೆ ತಿಳಿಯಲಿಲ್ಲ. ಆದರೆ ಮಗಳ ಹೆಸರು ಹೇಳಿದ ಕೂಡಲೇ ಅವರು ರೂಮಿಗೆ ಹೋಗಿ ಕರೆದು ತಂದರು.

ಹಾಳೆಯ ಎರಡನೇ ಸಾಲು, ಮಂದಿ ಮಾತಿನದ್ದು, ಹಾಗೇ ಉಳಿದಿದೆ. ಹಾವೇರಿಯವರು ಪ್ರವಾಸದ ಫೋಟೋ ನೋಡಿ ಏನೋ ಅಂದರಂತೆ. ಮಗಳು ಈ ಸಂಬಂಧವೇ ಬೇಡ ಅಂತಿದ್ದಾಳೆ, ತಂದೆ ಹುಡುಗನ ಜೊತೆ ಒಮ್ಮೆ ಮಾತಾಡು ಅಂತಿದ್ದಾರೆ. ಅದಕ್ಕೆ ಮೂವರೂ ಮುಂದಿನ ತಿಂಗಳು ಬರುತ್ತಾರೆ.